ಕಾರಿಗೂ ಒಂದು ಕೋಣೆ ಬೇಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಎರಡು ಕಾರು ಹಿಡಿಸುವ ಗ್ಯಾರೇಜ್ ಇದ್ದರೂ ಕಾರುಗಳು ಹೊರಗೇ ನಿಲ್ಲುತ್ತವೆ. ನಮ್ಮ ಮನೆಯಲ್ಲಿರುವುದು ಪೋರ್ಟಿಕೊ ಮಾತ್ರ. ಕಾರು ನಿಲ್ಲಿಸುವ ವ್ಯವಸ್ಥೆ ದೇಶದಿಂದ ದೇಶಕ್ಕೆ ಇಷ್ಟು ಬೇರೆಯಾಗಿರಲು ಕಾರಣವೇನು?

ಉತ್ತರ: ನಮ್ಮಲ್ಲಿ ‘ಕಾರು ಗ್ಯಾರೇಜಿನಲ್ಲಿದೆ’ ಎಂದರೆ ಅದು ರಿಪೇರಿಗೆ ಹೋಗಿದೆ ಎಂದೇ ಅರ್ಥ. ಕಾರಿಗೆಂದು ಬಾಗಿಲಿರುವ ಕೋಣೆ ಕಟ್ಟುವ ರೂಢಿ ಇಲ್ಲಿ ಅಷ್ಟಾಗಿ ಬೇರೂರಲಿಲ್ಲವೆಂಬುದನ್ನು ಈ ಮಾತೇ ಹೇಳುತ್ತದೆ. ಇದಕ್ಕೆ ಹವಾಮಾನವೊಂದನ್ನೇ ಕಾರಣವಾಗಿ ಹೇಳಲಾಗದು. ಹಿಮ ಬೀಳದ ಲಾಸ್ ಏಂಜಲೀಸಿನಲ್ಲೂ ಗ್ಯಾರೇಜಿರುವ ಮನೆಗಳು ಸಾಮಾನ್ಯ.

ಅಮೆರಿಕದಲ್ಲಿ ಮೊದಮೊದಲು ಕಾರು ನಿಂತದ್ದು ಮನೆಯ ಹಿಂದೆ, ಕುದುರೆಗಾಡಿಯ ಕೊಟ್ಟಿಗೆಯಲ್ಲಿ. ಕ್ರಮೇಣ ಆ ಕೊಟ್ಟಿಗೆ ಮನೆಗೇ ಅಂಟಿಕೊಂಡಿತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಾರಿಗೆ ಕುದುರೆಯಂತೆ ಲಾಯ ಬೇಕಿಲ್ಲವೆಂದು ವಾದಿಸಿ, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1937ರ ಹೊತ್ತಿಗೆ ಮುಗಿದ ಜೇಕಬ್ಸ್ ಮನೆಗೆ ತೆರೆದ ಸೂರನ್ನಷ್ಟೇ ಕೊಟ್ಟರು. ಆದರೂ ಬಾಗಿಲಿರುವ ಗ್ಯಾರೇಜೇ ಹೆಚ್ಚು ಹರಡಿತು. ಕೋಣೆ ದೊರೆತ ಮೇಲೆ ಅದರಲ್ಲಿ ಸಾಮಾನು ತುಂಬುವುದು ಮನುಷ್ಯಸಹಜ. ಲಾಸ್ ಏಂಜಲೀಸಿನ 32 ಕುಟುಂಬಗಳ ಮನೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಕಾರಿಗೇ ಜಾಗವಿರಲಿಲ್ಲ. ನಿಮ್ಮ ಮಗಳ ಮನೆಯಲ್ಲೂ ಕಾರಣ ಇದೇ ಇರಬಹುದು.

ಇಂಗ್ಲೆಂಡಿನಲ್ಲಿ ಹಳೆಯ ಗ್ಯಾರೇಜುಗಳು ಇಂದಿನ ಅಗಲವಾದ ಕಾರುಗಳಿಗೆ ಸಾಲುವುದಿಲ್ಲವಾದ್ದರಿಂದ ಎಷ್ಟೋ ಜನ ಮನೆಯ ಮುಂದಿನ ಕೈತೋಟಕ್ಕೇ ಕಲ್ಲು ಹಾಸಿದರು. ಮಳೆನೀರು ಇಂಗದೆ ರಸ್ತೆಗೆ ಹರಿಯತೊಡಗಿದ್ದರಿಂದ, 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರು ಇಂಗದ ಹಾಸು ಹಾಕಲು 2008ರಿಂದ ಅಲ್ಲಿ ಅನುಮತಿ ಬೇಕಾಗಿದೆ.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಜಪಾನ್. 1962ರ ಕಾನೂನಿನಂತೆ ಅಲ್ಲಿನ ನಗರಗಳಲ್ಲಿ ಕಾರು ನೋಂದಾಯಿಸುವ ಮೊದಲು, ಮನೆಯಿಂದ 2 ಕಿಲೋಮೀಟರ್ ಒಳಗೆ ರಸ್ತೆಯಲ್ಲದ ಕಡೆ ತನಗೆ ನಿಲುಗಡೆಯ ಜಾಗವಿದೆ ಎಂದು ನಕ್ಷೆ ಸಮೇತ ತೋರಿಸಿ ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ಪಡೆಯಬೇಕು. ಸ್ವಂತ ಜಾಗವಿಲ್ಲದವರು ತಿಂಗಳ ಬಾಡಿಗೆಗೆ ಹಿಡಿಯುತ್ತಾರೆ. ರಾತ್ರಿ ರಸ್ತೆಯ ಒಂದೇ ಕಡೆ 8 ಗಂಟೆಗಿಂತ ಹೆಚ್ಚು ಕಾರು ನಿಲ್ಲಿಸುವುದನ್ನೂ ಅದೇ ಕಾನೂನು ನಿಷೇಧಿಸುತ್ತದೆ. ಹಾಗಾಗಿ ಇಕ್ಕಟ್ಟಾದ ನಿವೇಶನದಲ್ಲೂ ಮನೆಯ ನಕ್ಷೆ ಬರೆಯುವಾಗಲೇ ಕಾರಿನ ಜಾಗ ಗೊತ್ತಾಗಿರುತ್ತದೆ. ಬಾಗಿಲಿನ ಗೊಡವೆಯಿಲ್ಲದೆ, ಒಂದೇ ಬದಿಗೆ ಕಂಬಗಳಿರುವ ಹಗುರವಾದ ಸೂರಿನ ಕೆಳಗೆ ಕಾರು ನಿಲ್ಲುತ್ತದೆ.

ನಮ್ಮ ಪೋರ್ಟಿಕೊ ಕಾರಿಗೆ ಮಾತ್ರ ಮೀಸಲಲ್ಲ. ಕಾರನ್ನು ಹೊರಗೆ ತೆಗೆದರೆ ಅಲ್ಲೇ ನಾಮಕರಣದ ಊಟದ ಎಲೆ ಬೀಳುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಗುತ್ತದೆ, ಆಯುಧಪೂಜೆಯ ದಿನ ಅಲ್ಲೇ ಕಾರಿಗೆ ಹೂವಿನ ಹಾರ ಬೀಳುತ್ತದೆ. ತೆರೆದಿರುವುದೇ ಅದರ ಗುಣ; ಅದನ್ನು ಮುಚ್ಚಿ ಅಮೆರಿಕದ ಮಾದರಿಯ ಕೋಣೆ ಮಾಡಿಸಬೇಡಿ ಎಂದೇ ನನ್ನ ಸಲಹೆ. ನನ್ನ ಚಿಂತೆ ಬೇರೆಯದು. ಬೆಂಗಳೂರಿನ 30×40 ಸೈಟುಗಳಲ್ಲಿ ಕಾರಿಗೆಂದು ನಕ್ಷೆಯಲ್ಲಿ ತೋರಿಸಿದ ಜಾಗ ಎಷ್ಟೋ ಕಡೆ ಬಾಡಿಗೆಯ ಮನೆಯಾಗಿ ಅಥವಾ ಅಂಗಡಿಯಾಗಿ, ಕಾರು ರಸ್ತೆಗೆ ಬಿದ್ದಿದೆ. ಎರಡೂ ಬದಿಗೆ ಕಾರು ನಿಂತ ಅಂತಹ ಅಡ್ಡರಸ್ತೆಗೆ ರಾತ್ರಿ ಹೊತ್ತು ಆಂಬುಲೆನ್ಸ್ ಬಂದರೆ, ರೋಗಿಯನ್ನು ಸ್ಟ್ರೆಚರಿನಲ್ಲಿ ರಸ್ತೆಯ ತಿರುವಿನವರೆಗೆ ಹೊತ್ತೇ ಒಯ್ಯಬೇಕಾಗುತ್ತದೆ.