ಅಮೆರಿಕದಲ್ಲಿ ‘ಕಾಲೇಜು’ ಅಂದರೆ ಯೂನಿವರ್ಸಿಟಿಗಿಂತ ಕಡಿಮೆಯಾ?

ಓದುಗರೊಬ್ಬರ ಪ್ರಶ್ನೆ: “ಮಗಳಿಗೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಎಂ.ಎಸ್.ಗೆ ಸೀಟು ಸಿಕ್ಕಿದೆ. ನಮ್ಮ ಭಾವ ‘ಅಷ್ಟು ದೂರ ಹೋಗಿ ಕಾಲೇಜಾ? ಯೂನಿವರ್ಸಿಟಿ ಸಿಗಲಿಲ್ವಾ?’ ಅನ್ನುತ್ತಿದ್ದಾರೆ. ಕಾಲೇಜಿನ ಎಂ.ಎಸ್.ಗೆ ಬೆಲೆ ಇರುತ್ತಾ?”

ಇರುತ್ತದೆ, ಬೇಕಾದಷ್ಟು. ಡಾರ್ಟ್‌ಮತ್ ಅಂದರೆ ಐವಿ ಲೀಗ್ ಅನ್ನುವ ಹಳೆಯ, ಹೆಸರುವಾಸಿ ಸಂಸ್ಥೆಗಳ ಗುಂಪಿನ ಎಂಟರಲ್ಲಿ ಒಂದು, ಹಾರ್ವರ್ಡ್, ಯೇಲ್ ಜೊತೆ ಒಂದೇ ಸಾಲಿನಲ್ಲಿ ಕೂರುವಂಥದ್ದು. ಭಾವನವರಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ, ಆಮೇಲೆ ಇದನ್ನು ಓದಿ ಹೇಳಿ.

ತಪ್ಪು ಅವರದೂ ಅಲ್ಲ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಗೆ ಹೋದರೆ ಸಾಕು, “ಹುಡುಗ ಕಾಲೇಜು ಸೇರಿದ” ಅನ್ನುತ್ತೇವೆ. ಡಿಗ್ರಿಗೆ ಸೇರಿದರೂ ಕಾಲೇಜೇ. ಎಂಜಿನಿಯರಿಂಗ್ ಓದಿದ್ದು ಮಂಡ್ಯದಲ್ಲೋ ದಾವಣಗೆರೆಯಲ್ಲೋ ಇರಬಹುದು, ಡಿಗ್ರಿ ಸರ್ಟಿಫಿಕೇಟ್ ಮೇಲೆ ಮಾತ್ರ ಸಾಮಾನ್ಯವಾಗಿ ಬೆಳಗಾವಿಯ ವಿಟಿಯು ಹೆಸರು. ಪಾಠ ಕಾಲೇಜಿನದು, ಡಿಗ್ರಿ ಯೂನಿವರ್ಸಿಟಿಯದು. ಹಾಗಾಗಿ ಯೂನಿವರ್ಸಿಟಿ ದೊಡ್ಡದು, ಕಾಲೇಜು ಅದರ ಕೈಕೆಳಗಿನದು ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಅಮೆರಿಕದಲ್ಲಿ ಈ ಅಫಿಲಿಯೇಷನ್ ಪದ್ಧತಿ ಇಲ್ಲ. ಕಾಲೇಜು ತನ್ನ ಡಿಗ್ರಿಯನ್ನು ತಾನೇ ಕೊಡುತ್ತದೆ. ಪಾಠ ಮಾಡಿದ ಪ್ರೊಫೆಸರೇ ಪ್ರಶ್ನೆ ತೆಗೆಯುತ್ತಾರೆ, ಗ್ರೇಡೂ ಅವರ ಕೈಯಲ್ಲೇ. ಉತ್ತರಪತ್ರಿಕೆ ಯಾವುದೋ ಊರಿಗೆ ಹೋಗಿ ಯಾರೋ ತಿದ್ದುವ ಕಥೆಯೇ ಇಲ್ಲ.

ಇನ್ನು ಡಾರ್ಟ್‌ಮತ್ ವಿಷಯಕ್ಕೆ ಬಂದರೆ, ಅದರ ಹೆಸರಿನ ಹಿಂದೆ ಒಂದು ಕೋರ್ಟ್ ಕೇಸೇ ಇದೆ. ಶುರುವಾಗಿದ್ದು 1769ರಲ್ಲಿ. 1816ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಒಂದು ಕಾನೂನು ಮಾಡಿ ಅದನ್ನು ‘ಡಾರ್ಟ್‌ಮತ್ ಯೂನಿವರ್ಸಿಟಿ’ ಅಂತ ಬದಲಾಯಿಸಿ ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ನೋಡಿತು. ಟ್ರಸ್ಟಿಗಳು ಒಪ್ಪಲಿಲ್ಲ. ಸ್ವಲ್ಪ ಕಾಲ ಒಂದೇ ಊರಿನಲ್ಲಿ ಕಾಲೇಜೂ ನಡೆಯಿತು, ಯೂನಿವರ್ಸಿಟಿಯೂ ನಡೆಯಿತು, ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ. ಅಲ್ಲೇ ಓದಿದ್ದ ಡೇನಿಯಲ್ ವೆಬ್‌ಸ್ಟರ್ ಅನ್ನುವ ವಕೀಲರು ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದರು, 1819ರಲ್ಲಿ ಕಾಲೇಜು ಗೆದ್ದಿತು. ಈಗ ಅಲ್ಲಿ ಮೆಡಿಕಲ್ ಇದೆ, ಎಂಬಿಎ ಇದೆ, ಪಿಎಚ್‌ಡಿ ಇದೆ, ಆದರೂ ಹೆಸರು ಕಾಲೇಜೇ. ಕೋರ್ಟಿಗೆ ಹೋಗಿ ಉಳಿಸಿಕೊಂಡ ಹೆಸರನ್ನು ಯಾರಾದರೂ ಸುಮ್ನೆ ಬಿಡುತ್ತಾರಾ?

ಹಾಗಾದರೆ ಎರಡಕ್ಕೂ ವ್ಯತ್ಯಾಸವೇ ಇಲ್ವಾ ಅಂದರೆ, ಇದೆ, ಆದರೆ ನಂಬಿ ಕೂರುವಷ್ಟು ಗಟ್ಟಿಯಾಗಿಲ್ಲ. ಯೂನಿವರ್ಸಿಟಿ ಅಂದರೆ ಸಾಮಾನ್ಯವಾಗಿ ಹಲವು ವಿಭಾಗ, ಮಾಸ್ಟರ್ಸ್, ಪಿಎಚ್‌ಡಿ ಎಲ್ಲಾ ಇರುವಂಥದ್ದು. ಕಾಲೇಜು ಅಂದರೆ ನಾಲ್ಕು ವರ್ಷದ ಬ್ಯಾಚುಲರ್ಸ್ ಮೇಲೆ ಗಮನ ಇಟ್ಟ ಚಿಕ್ಕ ಸಂಸ್ಥೆ. ವಿಲಿಯಮ್ಸ್, ಆಮ್ಹರ್ಸ್ಟ್ ಥರದ ಲಿಬರಲ್ ಆರ್ಟ್ಸ್ ಕಾಲೇಜುಗಳು ಹೀಗೆ. ಇಲ್ಲಿ ‘ಆರ್ಟ್ಸ್’ ಅಂದರೆ ನಮ್ಮ ಬಿಎ ಅಂದುಕೊಳ್ಳಬೇಡಿ, ಫಿಸಿಕ್ಸ್, ಗಣಿತ ಎಲ್ಲಾ ಅದರೊಳಗೇ ಬರುತ್ತದೆ. ಆದರೆ ಬಾಸ್ಟನ್ ಕಾಲೇಜು ಪಿಎಚ್‌ಡಿ ಕೊಡುತ್ತದೆ, ಅದೇ ಕಡೆಯ ಬಾಸ್ಟನ್ ಯೂನಿವರ್ಸಿಟಿ ಬೇರೆಯೇ ಸಂಸ್ಥೆ. ಹಾರ್ವರ್ಡ್ ಕಾಲೇಜು ಅಂದರೆ ಹಾರ್ವರ್ಡ್ ಯೂನಿವರ್ಸಿಟಿಯೊಳಗೆ ಬ್ಯಾಚುಲರ್ಸ್ ಓದುವವರ ಭಾಗ. ಎಂಐಟಿಯ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಹೆಸರಿನಲ್ಲಿ ಎರಡೂ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಂತೂ 2010ರಲ್ಲಿ ಒಂದು ಕಾನೂನು ಬಂದು ಆರು ಸ್ಟೇಟ್ ಕಾಲೇಜುಗಳು ಸ್ಟೇಟ್ ಯೂನಿವರ್ಸಿಟಿ ಆದವು. ಮೇಷ್ಟ್ರು ಅವರೇ, ಬೋರ್ಡ್ ಮಾತ್ರ ಹೊಸದು.

ಸ್ಕೂಲ್ ಅನ್ನುವ ಪದದ್ದು ಇನ್ನೊಂದು ತಮಾಷೆ. ಮೂವತ್ತು ವರ್ಷದ ಪಿಎಚ್‌ಡಿ ಹುಡುಗನೂ ಅಲ್ಲಿ ಸ್ಕೂಲಿಗೆ ಹೋಗುತ್ತಿದ್ದೇನೆ ಅನ್ನುತ್ತಾನೆ. ಲಾ ಸ್ಕೂಲ್, ಮೆಡಿಕಲ್ ಸ್ಕೂಲ್, ಗ್ರಾಡ್ ಸ್ಕೂಲ್. ಊರಲ್ಲಿ ಅಜ್ಜಿ ಕೇಳಿದರೆ ಗಾಬರಿಯಾಗುತ್ತಾರೆ.

ಭಾವನವರ ಅನುಮಾನ ಅರ್ಧ ಸರಿಯಾಗುವ ಜಾಗ ಒಂದಿದೆ, ಕಮ್ಯುನಿಟಿ ಕಾಲೇಜು. ಅಲ್ಲಿ ಮುಖ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಸುಮಾರು 60 ಕ್ರೆಡಿಟ್. ಬ್ಯಾಚುಲರ್ಸ್‌ಗೆ ಬೇಕಾಗೋದು ಸುಮಾರು 120. ಮೊದಲ ಅರ್ಧವನ್ನು ಇಲ್ಲಿ ಕಡಿಮೆ ಫೀಸಿನಲ್ಲಿ ಮುಗಿಸಿ, ಉಳಿದದ್ದಕ್ಕೆ ನಾಲ್ಕು ವರ್ಷದ ಸಂಸ್ಥೆಗೆ ಟ್ರಾನ್ಸ್‌ಫರ್ ಆಗುವವರು ತುಂಬಾ ಜನ. ಇದು ಜಾಣತನ, ನಾಚಿಕೆಪಡುವ ವಿಷಯ ಅಲ್ಲ. ಆದರೆ ನಿಮ್ಮ ಮಗಳು ಹೋಗುತ್ತಿರೋದು ಎಂ.ಎಸ್.ಗೆ, ಹಾಗಾಗಿ ಈ ಮಾತೇ ಬರುವುದಿಲ್ಲ.

ನಿಜವಾಗಿ ಹೆದರಬೇಕಾಗಿದ್ದು ಉಲ್ಟಾ ಕಡೆಯಿಂದ. ಕ್ಯಾಲಿಫೋರ್ನಿಯಾದಲ್ಲಿ ಟ್ರೈ-ವ್ಯಾಲಿ ಯೂನಿವರ್ಸಿಟಿ ಅಂತ ಒಂದಿತ್ತು. ವೀಸಾಗೆ ಬೇಕಾದ ಐ-20 ಪತ್ರ ಕೊಡುವ ಅನುಮತಿ ಇತ್ತು, ಅಕ್ರೆಡಿಟೇಷನ್, ಅಂದರೆ ಶಿಕ್ಷಣದ ಗುಣಮಟ್ಟಕ್ಕೆ ಸಿಗುವ ಮಾನ್ಯತೆ, ಇರಲಿಲ್ಲ. 2011ರಲ್ಲಿ ಅದರ ಮೇಲೆ ದಾಳಿ ಆದಾಗ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಭಾರತದ ಮಕ್ಕಳು. ಮಿಶಿಗನ್‌ನ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಅದಕ್ಕಿಂತ ವಿಚಿತ್ರ, ಅಲ್ಲಿ ಪಾಠವೂ ಇಲ್ಲ, ಮೇಷ್ಟ್ರೂ ಇಲ್ಲ, ನಡೆಸುತ್ತಿದ್ದವರು ವೀಸಾ ವಂಚನೆ ಹಿಡಿಯಲು ಬಲೆ ಬೀಸಿದ್ದ ಇಮಿಗ್ರೇಷನ್ ಅಧಿಕಾರಿಗಳೇ! 2019ರಲ್ಲಿ ಅದು ಬಯಲಾಯಿತು. ಎರಡರ ಹೆಸರಲ್ಲೂ ಯೂನಿವರ್ಸಿಟಿ ಇತ್ತು, ಅಲ್ವಾ? ಅದಕ್ಕೇ ಯಾವ ಸಂಸ್ಥೆಯಾದರೂ ಅಮೆರಿಕದ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಅಕ್ರೆಡಿಟೇಷನ್ ಇದೆಯಾ ನೋಡಿ, ಯಾರು ಪಾಠ ಮಾಡುತ್ತಾರೆ ನೋಡಿ, ಅಲ್ಲಿ ಓದಿದ ನಾಲ್ಕು ಜನರ ಜೊತೆ ಮಾತಾಡಿ.

ಅಂದಹಾಗೆ, ಡಾರ್ಟ್‌ಮತ್‌ನ ಎಂಜಿನಿಯರಿಂಗ್ ವಿಭಾಗದ ಹೆಸರು ಥೇಯರ್ ಸ್ಕೂಲ್ ಆಫ್ ಎಂಜಿನಿಯರಿಂಗ್, 1867ರದ್ದು. ಕಾಲೇಜಿನ ಒಳಗೊಂದು ಸ್ಕೂಲ್. ಇದನ್ನು ಮಾತ್ರ ಭಾವನವರಿಗೆ ಸದ್ಯಕ್ಕೆ ಹೇಳಬೇಡಿ.