ಬಟ್ಟೆಯ ಜೊತೆಗೇ ಪೆಟ್ಟಿಗೆ ಸೇರುವ ಶತ್ರುಗಳು

ಬಹಳ ದಿನ ಎತ್ತಿಟ್ಟಿದ್ದ ಉಣ್ಣೆ ನೂಲಿನ ಉಂಡೆಯನ್ನು ತೆಗೆದುಕೊಂಡು ಹೆಣೆಯಲು ಕೂತೆ. ಗೇಣುದ್ದ ಎಳೆ ಬಂತು, ತುಂಡಾಯಿತು. ಮತ್ತೆ ಗೇಣುದ್ದ, ಮತ್ತೆ ತುಂಡು. ಹೊರಗೆ ಕಾಣುತ್ತಿದ್ದದ್ದು ಸಾಸಿವೆ ಕಾಳಿನಷ್ಟು ಒಂದು ತೂತು ಮಾತ್ರ. ಅಲ್ಲಿಂದ ಒಳಹೊಕ್ಕ ಮರಿಹುಳು ಸುರಂಗ ಕೊರೆಯುತ್ತಾ ಹೋಗಿತ್ತು. ನೇಯ್ದ ಬಟ್ಟೆಯಾಗಿದ್ದರೆ ಒಂದು ತೂತಿಗೆ ಮುಗಿಯುತ್ತಿತ್ತು. ಸುತ್ತಿಟ್ಟ ನೂಲಿನಲ್ಲಿ ಅದು ಪದರ ಪದರವನ್ನೂ ಕತ್ತರಿಸಿತ್ತು.

ಇದನ್ನು ಮಾಡುವುದು ಬಟ್ಟೆ ಪತಂಗದ ಮರಿ. ರೆಕ್ಕೆ ಬಂದ ಪತಂಗ ಏನನ್ನೂ ತಿನ್ನುವುದಿಲ್ಲ. ಅದರ ಬಾಯಿಯ ಭಾಗಗಳು ತಿನ್ನಲು ಬಾರದಷ್ಟು ಕುಗ್ಗಿಹೋಗಿರುತ್ತವೆ. ಹೆಣ್ಣು ಸುಮಾರು 40ರಿಂದ 50 ಮೊಟ್ಟೆ ಇಟ್ಟು ಸಾಯುತ್ತದೆ. ಹೊಟ್ಟೆಬಾಕತನವೆಲ್ಲ ಮರಿಯದು. ಉಣ್ಣೆ, ಕೂದಲು, ಗರಿ ಇವೆಲ್ಲ ಕೆರಟಿನ್ ಎಂಬ ಪ್ರೋಟೀನಿನಿಂದಾದವು. ಅದರ ಸರಪಳಿಗಳನ್ನು ಗಂಧಕದ ಕೊಂಡಿಗಳು ಬಿಗಿದಿಟ್ಟಿರುವುದರಿಂದ ಬಹುಪಾಲು ಪ್ರಾಣಿಗಳಿಗೆ ಅದು ಅರಗುವುದಿಲ್ಲ. ಈ ಮರಿಯ ಕರುಳು ಮಾತ್ರ ಬಲವಾದ ಕ್ಷಾರೀಯ, ಆಮ್ಲಜನಕ ತೀರಾ ಕಡಿಮೆ ಇರುವ ಜಾಗ. ಅಲ್ಲಿ ಮೊದಲು ಗಂಧಕದ ಕೊಂಡಿಗಳು ಕಳಚುತ್ತವೆ, ಆಮೇಲೆ ಕಿಣ್ವಗಳು ಕೆಲಸ ಶುರುಮಾಡುತ್ತವೆ.

ಇಷ್ಟು ಸಾಮರ್ಥ್ಯವಿದ್ದರೂ ಶುದ್ಧ ಉಣ್ಣೆಯೊಂದರಿಂದಲೇ ಅದು ಚೆನ್ನಾಗಿ ಬೆಳೆಯಲಾರದು. ಬಿ ಗುಂಪಿನ ಜೀವಸತ್ವಗಳೂ ಲವಣಗಳೂ ಬೇಕು. ಅವು ಸಿಗುವುದು ನಮ್ಮ ಬೆವರಿನಲ್ಲಿ, ಮೈ ಜಿಡ್ಡಿನಲ್ಲಿ, ಕಲೆಗಳಲ್ಲಿ. ಉಣ್ಣೆಯ ಅಂಗಿ ಕೊರಳಪಟ್ಟಿ, ಕಂಕುಳ, ತೋಳಿನ ತುದಿಯಲ್ಲೇ ಮೊದಲು ತೂತಾಗುವುದು ಇದಕ್ಕೇ. ಒಂದೇ ಸಲ ಉಟ್ಟದ್ದು ಎಂದು ಒಗೆಯದೆ ಎತ್ತಿಟ್ಟಾಗ ನಾವೇ ಹುಳುವಿಗೆ ಬುತ್ತಿ ಕಟ್ಟಿಕೊಟ್ಟಂತೆ. ನನ್ನ ಮಟ್ಟಿಗೆ ಬಟ್ಟೆ ಜೋಪಾನದಲ್ಲಿ ಅರ್ಧ ಕೆಲಸ ಒಗೆದು ಒಣಗಿಸುವುದರಲ್ಲೇ ಮುಗಿಯುತ್ತದೆ. ಒಗೆಯದ ಬಟ್ಟೆಗೆ ಬೇರೆ ಅಪಾಯವೂ ಇದೆ: ಇಡುವಾಗ ಕಾಣದಿದ್ದ ಸಕ್ಕರೆಯ, ಎಣ್ಣೆಯ ಕಲೆಗಳು ಗಾಳಿಯೊಡನೆ ನಿಧಾನವಾಗಿ ವರ್ತಿಸಿ ವರ್ಷಗಳ ನಂತರ ಕಂದಾಗಿ ಮೂಡುತ್ತವೆ. ಹತ್ತಿಯಲ್ಲಿ ಕೆರಟಿನ್ ಇಲ್ಲ, ಆದರೆ ಸಿಲ್ವರ್ ಫಿಶ್ ಹುಳಕ್ಕೆ ಗಂಜಿ ಇಷ್ಟ. ಹಾಗಾಗಿ ಎತ್ತಿಡುವ ಹತ್ತಿ ಬಟ್ಟೆಗೆ ಗಂಜಿ ಹಾಕಬಾರದು.

ನುಸಿಗುಳಿಗೆಯನ್ನು ನಾನು ಬಳಸುವುದಿಲ್ಲ. ನ್ಯಾಫ್ತಲೀನ್ ಘನರೂಪದಿಂದ ನೇರವಾಗಿ ಆವಿಯಾಗುತ್ತದೆ. ಆ ಆವಿ ಹುಳುವನ್ನು ಕೊಲ್ಲಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿ ದಟ್ಟವಾಗಿ ತುಂಬಿರಬೇಕು. ಸಡಿಲ ಬಾಗಿಲಿನ ಕಪಾಟಿನಲ್ಲಿ ಎರಡು ಗುಳಿಗೆ ಇಟ್ಟರೆ ಹುಳು ಉಳಿಯುತ್ತದೆ, ಆವಿ ನಮ್ಮ ಮೂಗಿಗೆ ಬರುತ್ತದೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಇದು ಆ ಕಣಗಳನ್ನು ಒಡೆಯಬಲ್ಲದು. ನುಸಿಗುಳಿಗೆಯ ಇನ್ನೊಂದು ಬಗೆಯಾದ ಪ್ಯಾರಾಡೈಕ್ಲೋರೋಬೆಂಜೀನ್ ಗುಳಿಗೆಯನ್ನು ಇದರ ಜೊತೆ ಸೇರಿಸಿದರೆ ಎರಡೂ ಕರಗಿ ದ್ರವವಾಗಿ ಬಟ್ಟೆಗೆ ಕಲೆ ಹತ್ತಬಹುದು.

ಇದಕ್ಕಿಂತ ಒಳ್ಳೆಯ ದಾರಿ ಚಳಿ. ಒಣಗಿದ ಉಣ್ಣೆಯನ್ನು ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಬಾಯಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮರಿಯೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ತಣ್ಣಗಿನ ನೂಲಿಗೆ ಕೋಣೆಯ ಗಾಳಿ ತಗುಲಿದರೆ ಅದರ ತೇವವೆಲ್ಲ ಹನಿಗಟ್ಟಿ ನೂಲಿನ ಮೇಲೇ ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟು, ಕೋಣೆಯ ಬಿಸುಪಿಗೆ ಬಂದ ಮೇಲೆ ತೆರೆಯಿರಿ.

ನಾರುಗಳು ಪೆಟ್ಟಿಗೆಯೊಳಗೂ ಸುಮ್ಮನಿರುವುದಿಲ್ಲ. ಸುತ್ತಲಿನ ಗಾಳಿಯಿಂದ ನೀರು ಹೀರುತ್ತವೆ, ಬಿಡುತ್ತವೆ. 65% ಸಾಪೇಕ್ಷ ಆರ್ದ್ರತೆಯಲ್ಲಿ, ಅಂದರೆ ಗಾಳಿ ಆ ಬಿಸುಪಿನಲ್ಲಿ ಹಿಡಿಯಬಲ್ಲ ತೇವದ 65% ಅದರಲ್ಲಿದ್ದಾಗ, ಒಂದು ಕಿಲೋ ಒಣ ಉಣ್ಣೆ ಸುಮಾರು 160 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಹತ್ತಿ 85 ಗ್ರಾಂ, ಪಾಲಿಯೆಸ್ಟರ್ ಬರೀ 4 ಗ್ರಾಂ. ಮುಟ್ಟಿದರೆ ಇದು ಗೊತ್ತಾಗುವುದೇ ಇಲ್ಲ. ಅರೆಒಣಗಿದ ಬಟ್ಟೆಯನ್ನು ಬಿಗಿಯಾಗಿ ಮುಚ್ಚಿಟ್ಟು, ರಾತ್ರಿ ಕೋಣೆ ತಣ್ಣಗಾದರೆ ಒಳಗಿನ ಆರ್ದ್ರತೆ ಏರುತ್ತದೆ. ಅದು 65–70% ದಾಟಿ ನಿಂತರೆ ಬೂಷ್ಟು. ಮುಗ್ಗಲು ವಾಸನೆ ಬರುವ ಹೊತ್ತಿಗೆ ಶಿಲೀಂಧ್ರ ಆಗಲೇ ಬೇರೂರಿರುತ್ತದೆ. ಇಸ್ತ್ರಿಯ ಹಬೆ ಪೂರ್ತಿ ಆರಲಿ, ಪೆಟ್ಟಿಗೆ ತಣ್ಣನೆಯ ಹೊರಗೋಡೆಗೆ ಒತ್ತಿಕೊಂಡಿರದಿರಲಿ.

ಯಾವುದರಲ್ಲಿ ಸುತ್ತಿಡುತ್ತೇವೆ ಎಂಬುದೂ ಮುಖ್ಯ. ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಬಿಳಿ ಬಟ್ಟೆ ಹಳದಿಯಾದದ್ದನ್ನು ಅನೇಕರು ಕಂಡಿದ್ದೀರಿ. ಕೆಲವು ಪ್ಲಾಸ್ಟಿಕ್‌ಗಳು ಕೆಡದಿರಲೆಂದು ಸೇರಿಸುವ ಬಿಎಚ್‌ಟಿ ಎಂಬ ರಾಸಾಯನಿಕ ಬಟ್ಟೆಗೆ ದಾಟಿ, ಗಾಳಿಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳೊಡನೆ ವರ್ತಿಸಿ ಆ ಬಣ್ಣ ಹುಟ್ಟುತ್ತದೆ. ಮೆತ್ತಗಿನ ಪಿವಿಸಿ ಚೀಲ ಇನ್ನೂ ಕೆಟ್ಟದ್ದು. ಹಳತಾದಂತೆ ಅಂಟಂಟಾಗಿ ಆಮ್ಲ ಬಿಡುತ್ತದೆ. ಮರದ ಹಲಗೆ, ರಟ್ಟಿನ ಡಬ್ಬಿ ಕೂಡ ಆಮ್ಲ ಸೂಸುತ್ತವೆ. ಹತ್ತಿಯ ಸೆಲ್ಯುಲೋಸ್ ಸರಪಳಿಗಳನ್ನು ತುಂಡರಿಸುವುದು ಅದೇ. ಒಗೆದ ಹತ್ತಿ ಬಟ್ಟೆಯೊಂದನ್ನು ನಡುವೆ ಹಾಸಿ ಸುತ್ತಿದರೆ ಬಹಳಷ್ಟು ತಪ್ಪುತ್ತದೆ. ಗುಂಡುಸೂಜಿ, ಪಿನ್ನುಗಳನ್ನು ತೆಗೆದುಬಿಡಿ. ತುಕ್ಕಿನ ಕಲೆ ಬರೀ ಬಣ್ಣವಲ್ಲ, ಕಬ್ಬಿಣ ಆ ಜಾಗದ ನಾರನ್ನೇ ಬೇಗ ಸವೆಸುತ್ತದೆ.

ಇನ್ನು ಮಡಿಕೆ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಬಾಗಿದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಜರಿ ಇದ್ದರಂತೂ ಬೇಗ. ಆಗಾಗ ತೆಗೆದು ಬೇರೆ ಗೆರೆಯಲ್ಲಿ ಮಡಚಿ. ಕತ್ತಲು, ನಿಶ್ಚಲತೆ ಬಯಸುವ ಹುಳುವಿಗೂ ಆ ಕದಲಿಕೆ ಆಗಿಬರುವುದಿಲ್ಲ. ಹೆಣೆದ ಉಣ್ಣೆಯನ್ನು ತೂಗುಹಾಕಿದರೆ ತನ್ನ ಭಾರಕ್ಕೇ ಜೋಲುತ್ತದೆ, ಮಡಚಿಯೇ ಇಡಬೇಕು.

ನೂಲನ್ನು ಬಿಗಿಯಾಗಿ ಉಂಡೆ ಸುತ್ತಿ ವರ್ಷಗಟ್ಟಲೆ ಇಟ್ಟರೆ ಉಣ್ಣೆಯ ಸಹಜ ಸುರುಳಿ ಚಪ್ಪಟೆಯಾಗುತ್ತದೆ. ಅದರಿಂದ ಹೆಣೆದದ್ದು ಮೊದಲ ಒಗೆತಕ್ಕೇ ಕುಗ್ಗಿ ಅಳತೆ ತಪ್ಪುವುದೂ ಉಂಟು. ಲಡಿಯಾಗಿಯೇ (ಸಡಿಲವಾಗಿ ಸುತ್ತಿದ ಎಳೆಗಳ ಕಟ್ಟಾಗಿ) ಇಟ್ಟು, ಹೆಣೆಯುವ ದಿನ ಸುತ್ತಿಕೊಳ್ಳುವುದು ಲೇಸು. ಈಗಾಗಲೇ ಬಿಗಿದಿದ್ದರೆ ಬಿಚ್ಚಿ ಲಡಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ನೆರಳಿನಲ್ಲಿ ಹರಡಿ. ನೀರು ನಾರಿನೊಳಗಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ, ಒಣಗುತ್ತಾ ಬಂದಂತೆ ಸುರುಳಿ ಮರಳುತ್ತದೆ.