ಗುಳ್ಳೆ ಕಾಣುವುದಿಲ್ಲವೆಂದು ಅಕ್ವೇರಿಯಂಗೆ ಉಪ್ಪು ಸುರಿಯಬೇಡಿ

ಪ್ರಶ್ನೆ: ಗಿಡ ಬೆಳೆಸಿರುವ ಎರಡು ಅಡಿಯ ಅಕ್ವೇರಿಯಂಗೆ ಪಾಚಿ ತಡೆಯುವ ವಿದ್ಯುತ್ ಜಾಲರಿಯ ಯಂತ್ರ ತಂದು ಹಾಕಿದ್ದೇನೆ. ಬೆಂಗಳೂರಿನ ನಮ್ಮ ನೆಂಟರ ಮನೆಯಲ್ಲಿ ಇದೇ ಯಂತ್ರದಿಂದ ಹೊಗೆಯ ಹಾಗೆ ಗುಳ್ಳೆ ಏಳುತ್ತದೆ. ನಮ್ಮಲ್ಲಿ ಕಣ್ಣರಳಿಸಿ ನೋಡಿದರೂ ಒಂದೆರಡು ಎಳೆ ಕಂಡರೆ ಹೆಚ್ಚು. ಯಂತ್ರ ಕೆಟ್ಟಿದೆಯೇ? ಸ್ವಲ್ಪ ಉಪ್ಪು ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಬಹುದೇ?
— ವಿರಾಜಪೇಟೆ ಕಡೆಯ ಓದುಗರು

ಯಂತ್ರ ಕೆಟ್ಟಿಲ್ಲ. ಉಪ್ಪು ಹಾಕಬಾರದು. ಉತ್ತರ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ ಮಡಿಕೇರಿಯಿಂದ, ಸೋಮವಾರಪೇಟೆಯಿಂದ, ಗೋಣಿಕೊಪ್ಪದಿಂದ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹಲವರು ಉಪ್ಪು ಹಾಕಿ ಆದ ಮೇಲೆ ಕೇಳುತ್ತಾರೆ ಎಂಬುದು ಇನ್ನೂ ದೊಡ್ಡ ತಲೆನೋವು. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಟ್ವಿನ್‌ಸ್ಟಾರ್, ಚಿಹಿರೋಸ್ ಡಾಕ್ಟರ್ ಮುಂತಾದ ಹೆಸರುಗಳಲ್ಲಿ ಸಿಗುವ ಈ ಯಂತ್ರಗಳ ಒಳಗೆ ಇರುವುದು ಎರಡು ಟೈಟಾನಿಯಂ ಜಾಲರಿ, ನಡುವೆ ಕೂದಲೆಳೆಯಷ್ಟು ಜಾಗ, ಹೊರಗೆ ಒಂದು ಅಡಾಪ್ಟರ್. ಕರೆಂಟ್ ಹರಿದಾಗ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಆಗುತ್ತದೆ. ಇದು 1800ರಲ್ಲಿ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಮಾಡಿ ತೋರಿಸಿದ ಪ್ರಯೋಗ. ಹತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿಯೂ ಇದೆ. ಆ ಪ್ರಯೋಗದಲ್ಲಿ ಮೇಷ್ಟ್ರು ನೀರಿಗೆ ಕೆಲವು ಹನಿ ಸಲ್ಫ್ಯೂರಿಕ್ ಆಮ್ಲ ಹಾಕುತ್ತಿದ್ದುದು ನೆನಪಿದೆಯೇ? ಅಪ್ಪಟ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು, ಗುಳ್ಳೆಯೂ ಹೆಚ್ಚು.

ನೀರಿನಲ್ಲಿ ಕರಗಿದ ಲವಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವ ಟಿಡಿಎಸ್ ಪೆನ್ನನ್ನು ಬೆಂಗಳೂರಿನ ಕೊಳವೆಬಾವಿ ನೀರಿಗೆ ಅದ್ದಿದರೆ 500 ದಾಟುವುದು ಸಾಮಾನ್ಯ. ನಮ್ಮ ಬೆಟ್ಟದ ತೆರೆದ ಬಾವಿಗೋ, ತೋಟದ ಒರತೆಯಿಂದ ಪೈಪು ಎಳೆದು ತಂದ ನೀರಿಗೋ ಅದ್ದಿದರೆ ಹಲವು ಕಡೆ 100 ಮುಟ್ಟುವುದಿಲ್ಲ. ಜುಲೈ ತಿಂಗಳಲ್ಲಿ ಅದು ಇನ್ನೂ ಇಳಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಮಣ್ಣಿನಿಂದ ಲವಣ ತೊಳೆದುಹೋಗದೆ ಇನ್ನೇನಾಗುತ್ತದೆ? ನಿಮ್ಮ ಯಂತ್ರ ಮಂಕಾಗಿ ಕಾಣುವುದಕ್ಕೆ ಇಷ್ಟೇ ಕಾರಣ. ಅನುಮಾನ ಉಳಿದಿದ್ದರೆ, ಒಂದು ಲೋಟ ನೀರಿಗೆ ಚಿಟಿಕೆ ಎಪ್ಸಂ ಉಪ್ಪು (ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಜಾಲರಿಯನ್ನು ಅದರಲ್ಲಿ ಅದ್ದಿ ಚಾಲೂ ಮಾಡಿ. ಗುಳ್ಳೆ ಎದ್ದರೆ ಯಂತ್ರ ಸರಿಯಾಗಿದೆ. ಲೋಟದಲ್ಲಿ, ತೊಟ್ಟಿಯಲ್ಲಿ ಅಲ್ಲ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: "ಗುಳ್ಳೆ ಹೆಚ್ಚಾದಷ್ಟೂ ಯಂತ್ರ ಹೆಚ್ಚು ಕೆಲಸ ಮಾಡುತ್ತದೆ." ಎಲ್ಲ ಅನರ್ಥದ ಬೇರೂ ಇದೇ.

ಗುಳ್ಳೆಗಳಲ್ಲಿ ಇರುವುದೇನು? ಗಾತ್ರದಲ್ಲಿ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ. ಹೈಡ್ರೋಜನ್ ಪಾಚಿಯನ್ನು ಕೊಲ್ಲುವುದಿಲ್ಲ. ಆಮ್ಲಜನಕವೂ ಕೊಲ್ಲುವುದಿಲ್ಲ, ಪಾಚಿ ತಾನೇ ಹಗಲೆಲ್ಲ ಅದನ್ನು ಬಿಡುತ್ತದೆ. ಮೀನಿಗೆ ಉಸಿರಾಟಕ್ಕೆ ಒಳ್ಳೆಯದು ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ: 100 ಮಿಲಿಆಂಪಿಯರ್ ಕರೆಂಟ್ ಒಂದು ಗಂಟೆ ಬಿಡದೆ ಹರಿದರೆ ಹುಟ್ಟುವ ಆಮ್ಲಜನಕ ಸುಮಾರು 22 ಮಿಲಿಲೀಟರ್, ಅದರಲ್ಲಿ ಬಹುಪಾಲು ಮೇಲಕ್ಕೆ ಬಂದು ಹಾರಿಹೋಗುತ್ತದೆ. ಫಿಲ್ಟರಿನ ನೀರು ಮೇಲ್ಮೈಯನ್ನು ಕಲಕಿದರೆ ಅದಕ್ಕಿಂತ ಹೆಚ್ಚಿನ ಉಪಕಾರ.

ಕೆಲಸ ಮಾಡುವುದು ಕಣ್ಣಿಗೆ ಕಾಣದ ಭಾಗ. ಆನೋಡ್ ಜಾಲರಿಯ, ಎಂದರೆ ಕರೆಂಟಿನ ಧನ (+) ತುದಿಗೆ ಸೇರಿದ ಜಾಲರಿಯ ಮೈಮೇಲೆ ಅತ್ಯಲ್ಪ ಪ್ರಮಾಣದಲ್ಲಿ ತೀವ್ರ ಉತ್ಕರ್ಷಕಗಳು, ಎಂದರೆ ಮುಟ್ಟಿದ ಜೀವಕೋಶವನ್ನು ಸುಡುವಂಥ ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಅತಿ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿದ ಜಾಗದಿಂದ ಆಚೆ ಹೋಗುವ ಮೊದಲೇ ಸಾಯುತ್ತದೆ. ಜಾಲರಿಯ ಪಕ್ಕದಲ್ಲೇ ತೇಲಿಹೋಗುವ ಪಾಚಿಯ ಬೀಜಕಣ, ಬ್ಯಾಕ್ಟೀರಿಯಾಗಳಿಗಷ್ಟೇ ಅದರ ಪೆಟ್ಟು. ಕಲ್ಲಿಗೆ, ಎಲೆಗೆ ಆಗಲೇ ಅಂಟಿಕೊಂಡ ಪಾಚಿಯ ಹತ್ತಿರ ಅದು ಸುಳಿಯುವುದೂ ಇಲ್ಲ. ಹೀಗಾಗಿ ಗುಳ್ಳೆಯನ್ನು ನೋಡಿ ಕೆಲಸ ಅಳೆಯಲು ಆಗದು. ಗುಳ್ಳೆ ತೋರಿಸುವುದು ನಿಮ್ಮ ನೀರಿನಲ್ಲಿ ಲವಣ ಎಷ್ಟಿದೆ ಎಂಬುದನ್ನು ಮಾತ್ರ.

ಇಂಥ ನೀರಿಗೆ ಅಡುಗೆ ಉಪ್ಪು ಬಿದ್ದರೆ ಏನಾಗುತ್ತದೆ? ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ತೂಕದಲ್ಲಿ ನೂರಕ್ಕೆ 60 ಪಾಲು ಕ್ಲೋರೈಡ್. ಆನೋಡ್ ಬಳಿ ಆ ಕ್ಲೋರೈಡ್ ಕ್ಲೋರಿನ್ ಆಗುತ್ತದೆ, ಕ್ಲೋರಿನ್ ನೀರಿನೊಡನೆ ಸೇರಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಬ್ಲೀಚಿಂಗ್ ಪೌಡರ್ ನೀರಿಗೆ ಬಿದ್ದಾಗ ಕ್ರಿಮಿಗಳನ್ನು ಕೊಲ್ಲುವುದೂ ಇದೇ. ಈಜುಕೊಳಗಳಿಗೆ ಉಪ್ಪು ಹಾಕಿ ಕ್ಲೋರಿನ್ ತಯಾರಿಸುವ ಯಂತ್ರಗಳಿವೆ, ಅವುಗಳ ಒಳಗಿರುವುದೂ ಲೇಪನ ಮಾಡಿದ ಟೈಟಾನಿಯಂ ತಗಡೇ. ನೀವು ಉಪ್ಪು ಹಾಕಿದ ಕ್ಷಣ ನಿಮ್ಮ ಅಕ್ವೇರಿಯಂ ಸಣ್ಣದೊಂದು ಈಜುಕೊಳ ಆಯಿತು, ಈಜುವವರು ಮಾತ್ರ ಹೊರಗೆ ಬರುವಂತಿಲ್ಲ.

ಇದೂ ಮಾತಿನ ಅಲಂಕಾರವೆಂದು ತಳ್ಳಿಹಾಕುವವರಿಗೆ ಇನ್ನೊಂದು ಲೆಕ್ಕ. ಎರಡು ಅಡಿಯ ತೊಟ್ಟಿಯಲ್ಲಿ ಸುಮಾರು 60 ಲೀಟರ್ ನೀರು ಎಂದಿಟ್ಟುಕೊಳ್ಳಿ. ಮೂರು ಟೀ ಚಮಚ ಉಪ್ಪು ಎಂದರೆ ಸುಮಾರು 18 ಗ್ರಾಂ. ಅದರಿಂದ ಲೀಟರಿಗೆ 180 ಮಿಲಿಗ್ರಾಂ ಕ್ಲೋರೈಡ್ ಸೇರಿತು. 100 ಮಿಲಿಆಂಪಿಯರ್ ಕರೆಂಟ್ ಪೂರ್ತಿಯಾಗಿ ಕ್ಲೋರಿನ್ ತಯಾರಿಕೆಗೇ ಹೋದರೆ, ಫ್ಯಾರಡೆಯ ನಿಯಮದಂತೆ ಗಂಟೆಗೆ 132 ಮಿಲಿಗ್ರಾಂ ಕ್ಲೋರಿನ್. ಪೂರ್ತಿ ಹೋಗುವುದಿಲ್ಲ, ಒಪ್ಪಿದೆ. ನೂರಕ್ಕೆ ಐದು ಪಾಲು ಮಾತ್ರ ಹೋಯಿತು ಎನ್ನೋಣ. ಆಗಲೂ ಒಂದು ಗಂಟೆಯ ಓಟಕ್ಕೆ ಲೀಟರಿಗೆ 0.11 ಮಿಲಿಗ್ರಾಂ. ಸಿಹಿನೀರಿನ ಜಲಚರಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟಿರುವ ಮಿತಿ ಅಲ್ಪ ಅವಧಿಗೆ ಲೀಟರಿಗೆ 0.019, ದೀರ್ಘ ಅವಧಿಗೆ 0.011 ಮಿಲಿಗ್ರಾಂ. ಯಂತ್ರ ಬಿಟ್ಟು ಬಿಟ್ಟು ಓಡುತ್ತದೆ, ಹುಟ್ಟಿದ ಕ್ಲೋರಿನ್‌ನಲ್ಲಿ ಒಂದಷ್ಟನ್ನು ತೊಟ್ಟಿಯ ಕೊಳೆಯೇ ನುಂಗುತ್ತದೆ, ಅದೆಲ್ಲ ನಿಜ. ಆದರೆ ಉಪ್ಪು ಬಿದ್ದ ಮೇಲೆ ಕರೆಂಟೂ ಏರುತ್ತದೆ ಎಂಬುದನ್ನು ಮರೆಯಬೇಡಿ. ಜೊತೆಗೆ, ಕ್ಲೋರಿನ್ ಅಮೋನಿಯಾದೊಡನೆ ಕೂಡಿದರೆ ಕ್ಲೋರಮೈನ್ ಆಗಿ ಬಹಳ ಹೊತ್ತು ನೀರಿನಲ್ಲೇ ಕುಳಿತುಬಿಡುತ್ತದೆ. ಅದೂ ಮೀನಿಗೆ ವಿಷವೇ.

ಹಾಗಾದರೆ ಇಷ್ಟು ಅಪಾಯದ ಸಲಹೆ ಏಕೆ ಸಾಯುವುದಿಲ್ಲ? ಏಕೆಂದರೆ ಮೊದಲ ವಾರ ಅದು ಫಲ ಕೊಟ್ಟಂತೆ ಕಾಣುತ್ತದೆ. ಉಪ್ಪು ಹಾಕಿದ ಕೂಡಲೇ ಗುಳ್ಳೆ ಮೇಲೇಳುತ್ತದೆ, ಎರಡು ಮೂರು ದಿನದಲ್ಲಿ ನೀರು ಫಳಫಳ ಹೊಳೆಯುತ್ತದೆ, ಹಸಿರು ಪಾಚಿ ಬಿಳಿಚಿಕೊಳ್ಳುತ್ತದೆ. ಮನೆಯವರೆಲ್ಲ ಬಂದು ಮೆಚ್ಚಿ ಹೋಗುತ್ತಾರೆ. ಆಮೇಲೆ ಸೀಗಡಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಪಾಚಿಗೆ ಬಿದ್ದ ಪೆಟ್ಟು ನಿಧಾನವಾಗಿ ಗಿಡದ ಎಳೆಯ ಚಿಗುರಿಗೂ ಫಿಲ್ಟರಿನ ಬ್ಯಾಕ್ಟೀರಿಯಾಗೂ ತಗಲುತ್ತದೆ. ಆ ಹೊತ್ತಿಗೆ ಉಪ್ಪು ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ. "ಈ ಸಲ ಚಳಿ ಜಾಸ್ತಿ, ಮೀನು ತಡೆಯಲಿಲ್ಲ" ಎಂದು ಮಳೆಯ ತಲೆಗೆ ಕಟ್ಟುತ್ತಾರೆ. ಪಾಪ, ಕೊಡಗಿನ ಮಳೆ ಹೊತ್ತಿರುವ ಅಪವಾದಗಳು ಒಂದೆರಡಲ್ಲ.

ಕಲ್ಲುಪ್ಪಿನಲ್ಲಿ ಅಯೋಡಿನ್ ಇಲ್ಲ, ಅದನ್ನು ಹಾಕಬಹುದಲ್ಲ ಎಂದು ಕೇಳಲು ಹೊರಟವರು ಅಲ್ಲಿಯೇ ನಿಲ್ಲಿ. ಇಲ್ಲಿ ತಕರಾರು ಅಯೋಡಿನ್‌ದಲ್ಲ, ಕ್ಲೋರೈಡ್‌ನದು. ಕಲ್ಲುಪ್ಪು, ಪುಡಿ ಉಪ್ಪು, ಅಂಗಡಿಯಲ್ಲಿ ಚಂದದ ಡಬ್ಬಿಯಲ್ಲಿ ಸಿಗುವ ಅಕ್ವೇರಿಯಂ ಉಪ್ಪು, ಮೂರೂ ಒಂದೇ. ಮೀನಿನ ಕಾಯಿಲೆಗೆ ಉಪ್ಪಿನ ಚಿಕಿತ್ಸೆ ಕೊಡುವುದಿದ್ದರೆ ಬೇರೆ ತೊಟ್ಟಿಯಲ್ಲಿ ಕೊಡಿ, ಅದರ ಹತ್ತಿರ ಈ ಯಂತ್ರವನ್ನು ತರಬೇಡಿ.

ಈಗಾಗಲೇ ಹಾಕಿದ್ದೀರಾ? ಯಂತ್ರ ನಿಲ್ಲಿಸಿ. ಹಳೆಯ ನೀರಿನಷ್ಟೇ ತಣ್ಣಗಿರುವ ನೀರಿನಿಂದ ದಿನ ಬಿಟ್ಟು ದಿನ ಮೂರನೇ ಒಂದು ಭಾಗ ಬದಲಿಸಿ. ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಹನಿಗಳು ಆಗಲೇ ಹುಟ್ಟಿರುವ ಕ್ಲೋರಿನನ್ನು ತೆಗೆಯುತ್ತವೆ, ಕ್ಲೋರೈಡನ್ನು ತೆಗೆಯುವುದಿಲ್ಲ. ಉಪ್ಪು ಆವಿಯಾಗಿಯೂ ಹೋಗುವುದಿಲ್ಲ, ನೀರು ಬದಲಿಸುವುದೊಂದೇ ದಾರಿ.

ಬಳಕೆಯ ವಿಷಯ ಬೇಗ ಮುಗಿಸುತ್ತೇನೆ. ಜಾಲರಿಯನ್ನು ತೊಟ್ಟಿಯ ಕೆಳಭಾಗದಲ್ಲಿ, ಫಿಲ್ಟರಿನಿಂದ ಹೊರಬರುವ ನೀರು ಹಾದುಹೋಗುವ ಕಡೆ ಇಡಿ. ಫಿಲ್ಟರ್ ನೀರು ಎಳೆದುಕೊಳ್ಳುವ ಬಾಯಿಯ ಬುಡದಲ್ಲಿ ಇಟ್ಟರೆ ಗುಳ್ಳೆಗಳು ಒಳಗೆ ಸೇರಿ ಗಾಳಿ ಕಟ್ಟಿಕೊಳ್ಳುತ್ತದೆ. ಸೀಗಡಿ ಇದ್ದರೆ ಕಡಿಮೆ ಮಟ್ಟದಲ್ಲಿ ಓಡಿಸಿ. ಔಷಧಿ ಹಾಕಿದ ದಿನಗಳಲ್ಲಿ ಪೂರ್ತಿ ನಿಲ್ಲಿಸಿ. ಕಬ್ಬಿಣದ ದ್ರವಗೊಬ್ಬರ ಹಾಕಿದ ಮೇಲೆಯೂ ಕೆಲವು ಗಂಟೆ ಸುಮ್ಮನಿರಲಿ, ಗಿಡಕ್ಕೆ ಹೋಗಬೇಕಾದ ಕಬ್ಬಿಣ ತುಕ್ಕಾಗಿ ತಳ ಸೇರುವುದು ಬೇಡ. ದೀಪ ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಯುತ್ತಿದ್ದರೆ ಯಾವ ಯಂತ್ರವೂ ಪಾಚಿಯನ್ನು ತಡೆಯದು. ಆರೇಳು ಗಂಟೆಗೆ ಇಳಿಸಿ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೇರಲಿ, ಹನಿ ನೀರು ವೈರಿನ ಗುಂಟ ಸಾಕೆಟ್ಟಿಗೆ ಹೋಗುವುದಿಲ್ಲ. ಗೋಡೆಯೇ ಬೆವರುವ ನಮ್ಮ ಮಳೆಗಾಲದಲ್ಲಿ ಅಡಾಪ್ಟರನ್ನು ನೆಲದ ಮೇಲೆ ಬಿಡಬೇಡಿ.

ಇನ್ನು ಸ್ವಚ್ಛತೆ. ಕ್ಯಾಥೋಡ್ ಜಾಲರಿಯ (ಋಣ ತುದಿಗೆ ಸೇರಿದ್ದು) ಸುತ್ತ ನೀರು ಕ್ಷಾರವಾಗುವುದರಿಂದ ಕ್ಯಾಲ್ಸಿಯಂ ಅಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಗಡಸು ನೀರಿನವರಿಗೆ ಇದು ಸದಾ ಇರುವ ಕಾಟ, ನಮಗೆ ಅಷ್ಟಿಲ್ಲ. ನಮ್ಮ ಕಡೆ ಕಾಣುವುದು ಹೆಚ್ಚಾಗಿ ಕಂದು ಬಣ್ಣದ ಲೋಳೆ, ಬಾವಿ ನೀರಿನ ಕಬ್ಬಿಣ. ಪ್ಲಗ್ ಕಿತ್ತು, ಜಾಲರಿಯನ್ನು ಹೊರತೆಗೆದು, ಒಂದು ಲೋಟ ನೀರಿಗೆ ಒಂದು ಟೀ ಚಮಚ ನಿಂಬೆ ಉಪ್ಪು ಕರಗಿಸಿ ಅರ್ಧ ಗಂಟೆ ನೆನೆಹಾಕಿ. ಹೆಸರಿನಲ್ಲಿ ಉಪ್ಪು ಇದ್ದರೂ ಅದು ಸಿಟ್ರಿಕ್ ಆಮ್ಲ, ಕ್ಲೋರೈಡ್ ಇಲ್ಲ. ಬಿಳಿ ವಿನೆಗರ್ ಕೂಡ ಆದೀತು. ಆಮೇಲೆ ಮೆದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲನೆ ತೊಳೆದು, ಒಳ್ಳೆಯ ನೀರಿನಲ್ಲಿ ಜಾಲಿಸಿ. ತಂತಿ ಬ್ರಷ್, ಪಾತ್ರೆ ಉಜ್ಜುವ ಸ್ಟೀಲ್ ನಾರು ಮುಟ್ಟಿಸಬೇಡಿ: ಟೈಟಾನಿಯಂ ಮೇಲಿರುವ ಅಮೂಲ್ಯ ಲೋಹದ ತೆಳು ಲೇಪನವೇ ಯಂತ್ರದ ಜೀವ, ಅದು ಕಿತ್ತುಹೋದರೆ ಉಳಿಯುವುದು ಬರೀ ಜಾಲರಿ. ಎರಡು ಜಾಲರಿಗಳು ಬಾಗಿ ಒಂದಕ್ಕೊಂದು ತಾಗದಂತೆಯೂ ನೋಡಿಕೊಳ್ಳಿ.

ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಹಾಕಬಹುದೇ ಎಂದೂ ಕೇಳುತ್ತಾರೆ. ಅದೂ ಹುಳಿಯೇ, ಪದರ ಕರಗೀತು. ಆದರೆ ಅಷ್ಟು ಹಣ್ಣು ಹಿಂಡಿ, ಗಂಟೆಗಟ್ಟಲೆ ಕುದಿಸಿ ಮಾಡಿದ್ದನ್ನು ಜಾಲರಿ ತೊಳೆಯಲು ಕೊಟ್ಟರೆ ಅಡುಗೆಮನೆಯಲ್ಲಿ ನಡೆಯುವುದಕ್ಕೆ ನಾನು ಹೊಣೆಯಲ್ಲ. ಅದು ಪಂದಿ ಕರಿಗೇ ಇರಲಿ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ. ಗುಳ್ಳೆ ಕಾಣದಷ್ಟು ಲವಣ ಕಡಿಮೆ ಇರುವ ನೀರಿನಲ್ಲಿ ನಿಮ್ಮ ಗಿಡಗಳು ಏನು ತಿಂದು ಬದುಕುತ್ತಿವೆ? ಹೊಸ ಎಲೆ ಮುರುಟುವುದು, ಬಸವನಹುಳುವಿನ ಚಿಪ್ಪು ಬಿಳಿಚಿ ತೂತಾಗುವುದು, ಸೀಗಡಿ ಪೊರೆ ಕಳಚಲಾಗದೆ ಸಾಯುವುದು, ಇವೆಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊರತೆಯ ಗುರುತುಗಳು. ಕಾಫಿ ತೋಟದ ಮಣ್ಣು ಹುಳಿಯಾಯಿತೆಂದು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವ ಜನ, ಅದೇ ಮಣ್ಣಿನಿಂದ ಇಳಿದ ನೀರನ್ನು ಅಕ್ವೇರಿಯಂಗೆ ತುಂಬುವಾಗ ಏನೂ ಯೋಚಿಸುವುದಿಲ್ಲ! ಹಾಗೆಂದು ತೋಟದ ಸುಣ್ಣವನ್ನೇ ತಂದು ಸುರಿಯಬೇಡಿ, ಪಿಎಚ್ ಒಮ್ಮೆಲೇ ಏರಿ ಮೀನು ಸಾಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಬೇಡ. ಕಾರಣ ಈಗ ನಿಮಗೇ ಗೊತ್ತು.

ಬೇಕಾಗಿರುವುದು ಜಿಪ್ಸಂ ಮತ್ತು ಎಪ್ಸಂ ಉಪ್ಪು, ಎಂದರೆ ಕ್ಯಾಲ್ಸಿಯಂ ಸಲ್ಫೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್. ಬೇರೇನೂ ಬೆರೆಸದ ಶುದ್ಧ ಸರಕೇ ಆಗಿರಲಿ. 60 ಲೀಟರ್ ನೀರಿಗೆ 3.7 ಗ್ರಾಂ ಜಿಪ್ಸಂ, 2.6 ಗ್ರಾಂ ಎಪ್ಸಂ ಉಪ್ಪು ಸೇರಿಸಿದರೆ ಗಡಸುತನ ಮೂರು ಡಿಗ್ರಿಯಷ್ಟು ಏರುತ್ತದೆ. ಜಿಪ್ಸಂ ಸುಲಭವಾಗಿ ಕರಗದು, ಬಕೆಟ್ಟಿನ ನೀರಿನಲ್ಲಿ ಚೆನ್ನಾಗಿ ಕಲಕಿ, ಕೆಲವು ದಿನಗಳಲ್ಲಿ ಹಂಚಿ ಹಾಕಿ. ನೀರು ಬದಲಿಸಿದಾಗ ಬದಲಿಸಿದಷ್ಟಕ್ಕೇ ಲೆಕ್ಕ. ಇವೆರಡೂ ಕರಗಿದರೆ ಕರೆಂಟ್ ಹರಿಯುವುದು ಸುಲಭವಾಗಿ ಗುಳ್ಳೆಗಳೂ ಒಂದಿಷ್ಟು ಹೆಚ್ಚುತ್ತವೆ, ಕ್ಲೋರಿನ್ ಹುಟ್ಟುವುದಿಲ್ಲ. ಹತ್ತನೇ ತರಗತಿಯ ಮೇಷ್ಟ್ರು ಉಪ್ಪು ಬಿಟ್ಟು ಸಲ್ಫ್ಯೂರಿಕ್ ಆಮ್ಲ ಹಿಡಿದದ್ದಕ್ಕೂ ಅರ್ಥವಿತ್ತು ನೋಡಿ.

ಬಕೆಟ್ಟಿನ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಕಾಫಿ, ಮೆಣಸು, ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಸೇರಿಸಿದ ರೋಗನಾಶಕ) ಕಲಸಿದ ಬಕೆಟ್ಟು, ಮಗ್ಗು, ಕೋಲು ಯಾವುದನ್ನೂ ಅಕ್ವೇರಿಯಂ ಕೆಲಸಕ್ಕೆ ತೆಗೆದುಕೊಳ್ಳಬೇಡಿ, ಎಷ್ಟೇ ತೊಳೆದಿದ್ದರೂ ಸರಿ. ಮೈಲುತುತ್ತದ ತಾಮ್ರ ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿದ್ದರೂ ಸೀಗಡಿಗೆ ಸಾಕು. ಸಿಂಪಡಣೆ ನಡೆಯುವ ದಿನಗಳಲ್ಲಿ ತೆರೆದ ತೊಟ್ಟಿಯ ನೀರನ್ನೂ ಬಳಸಬೇಡಿ. ಅಕ್ವೇರಿಯಂಗೆಂದೇ ಒಂದು ಬಕೆಟ್ ಕೊಂಡು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ತೋಟದ ಕೆಲಸಕ್ಕೆ ಬರುವವರ ಕೈಗೆ ಸಿಗದ ಕಡೆ ಇಡಿ.